ಕಾಲುಚೀಲದ ಪಾಠ

ಮೊನ್ನೆ ಹಳೆಯ ವಿದ್ಯಾರ್ಥಿನಿಯೊಬ್ಬಳು ದೂರವಾಣಿ ಮಾಡಿದ್ದಳು. ಕಚೇರಿಯ ವಿಷಯವೊಂದನ್ನು ಎರಡು ಮೂರು ಬಾರಿ ನೆನಪಿಸಿದಾಗ ಇಂಗ್ಲೆಂಡಿನ ಸಹೋದ್ಯೋಗಿಯೊಬ್ಬರು "ಗಿವ್ ಇಟ್ ಎ ರೆಸ್ಟ್" ಎಂದರಂತೆ. "ವಿಶ್ರಾಂತಿ ತೆಗೆದುಕೋ ಎಂದರೆಂದು ತಿಳಿದು ಥ್ಯಾಂಕ್ಸ್ ಹೇಳಿಬಿಟ್ಟೆ ಸಾರ್. ಅವರು ಬೈದದ್ದೇ?" ಎಂದು ಕೇಳಿದಳು. ಬೈಗುಳವಲ್ಲ, ಮೆಚ್ಚುಗೆಯೂ ಅಲ್ಲ. ಆ ಮಾತು ಇನ್ನು ಸಾಕು ಎಂಬುದು ಅದರ ಭಾವ ಎಂದು ತಿಳಿಸಿದೆ.

ಕಾಟ ಕೊಡುವವರನ್ನು ಸುಮ್ಮನಿರಿಸಲು ಇಂಗ್ಲಿಷಿನಲ್ಲಿ ಇಂಥ ನುಡಿಗಟ್ಟುಗಳು ಹೇರಳವಾಗಿವೆ. ಕೀಟಲೆ ನಿಲ್ಲಿಸೆನ್ನಲು "ಕಟ್ ಇಟ್ ಔಟ್", "ನಾಕ್ ಇಟ್ ಆಫ್". ಬೆನ್ನುಬಿಡದೆ ಪೀಡಿಸುವವರಿಗೆ "ಗೆಟ್ ಆಫ್ ಮೈ ಬ್ಯಾಕ್". "ಗೋ ಫ್ಲೈ ಎ ಕೈಟ್" ಅಮೆರಿಕನ್ನರ ಮಾತು. ಹೋಗಿ ಗಾಳಿಪಟ ಹಾರಿಸು, ಅಂದರೆ ಇಲ್ಲಿಂದ ತೊಲಗು. "ಪೈಪ್ ಡೌನ್" ಹಡಗಿನಿಂದ ಇಳಿದು ಬಂದದ್ದು. ಹಾಯಿಹಡಗುಗಳ ಕಾಲದಲ್ಲಿ ಬೋಸನ್ ಎಂಬ ಮೇಲ್ವಿಚಾರಕನು ಸೀಟಿಯೂದಿ ನಾವಿಕರಿಗೆ ಆಜ್ಞೆಗಳನ್ನು ತಿಳಿಸುತ್ತಿದ್ದ. ಮೇಲಟ್ಟದ ಕೆಲಸ ಮುಗಿಯಿತು, ಕೆಳಗೆ ಹೋಗಿರಿ ಎಂಬ ಸೀಟಿಗೆ ಆ ಹೆಸರು.

ನಮ್ಮ ಕನ್ನಡವೇನೂ ಬಡವಾಗಿಲ್ಲ. "ತಲೆ ತಿನ್ನಬೇಡ", "ಪ್ರಾಣ ಹಿಂಡಬೇಡ", "ನಿನ್ನ ಪುರಾಣ ಸಾಕು" ಎಂಬವನ್ನು ಯಾರಿಗೆ ಅನ್ನಬಹುದು, ಯಾರಿಗೆ ಅನ್ನಬಾರದು ಎಂಬುದನ್ನು ಯಾರೂ ನಮಗೆ ಕಲಿಸಬೇಕಾಗಿಲ್ಲ. ಪರಭಾಷೆಯ ನುಡಿಗಟ್ಟಿನ ಅರ್ಥ ನಿಘಂಟಿನಲ್ಲಿ ಸಿಕ್ಕುತ್ತದೆ. ಅದರ ಕಾವು ಎಷ್ಟೆಂಬುದು ಸುಲಭವಾಗಿ ಸಿಕ್ಕದು. ಇದನ್ನು ನಾನು ಒಬ್ಬ ಹುಡುಗನಿಂದ ಕಲಿತೆ.

ಆಗ ನಾನು ಕೆಲಸಕ್ಕೆ ಸೇರಿದ ಹೊಸತು. ಒಂಬತ್ತನೆಯ ತರಗತಿಗೆ "ಪುಟ್ ಅಪ್ ವಿತ್" ಎಂದರೆ ಸಹಿಸಿಕೊಳ್ಳುವುದು ಎಂದು ಹೇಳಿಕೊಡುತ್ತಿದ್ದೆ. ಮುಂದಿನ ಬೆಂಚಿನ ಹುಡುಗನೊಬ್ಬ ಎದ್ದು, "ಪುಟ್ ಅಂದ್ರೆ ಇಡು, ಅಪ್ ಅಂದ್ರೆ ಮೇಲೆ. ಸಹಿಸೋದು ಎಲ್ಲಿಂದ ಬಂತು ಸಾರ್?" ಎಂದ. ಏನೋ ಹೇಳಿ ಕೂರಿಸಿದೆ. ಮತ್ತೆ ಎದ್ದ. ಮೂರನೆಯ ಸಲ ನನಗೆ ರೇಗಿತು. ಉತ್ತರ ನನಗೂ ತಿಳಿದಿರಲಿಲ್ಲವೆಂಬುದೇ ರೇಗಿದ್ದಕ್ಕೆ ನಿಜವಾದ ಕಾರಣ. ಪುಸ್ತಕದಿಂದ ಆಗತಾನೇ ಹೆಕ್ಕಿಕೊಂಡಿದ್ದ ಬ್ರಿಟಿಷ್ ಆಡುಮಾತೊಂದನ್ನು ಅವನತ್ತ ಎಸೆದೆ: "ಪುಟ್ ಎ ಸಾಕ್ ಇನ್ ಇಟ್!" ಬಾಯಿಗೆ ಕಾಲುಚೀಲ ತುರುಕಿಕೋ, ಅಂದರೆ ಬಾಯಿ ಮುಚ್ಚು. ತರಗತಿಗೆ ಅರ್ಥವಾಗದಿದ್ದರೂ ನನ್ನ ದನಿ ಅರ್ಥವಾಯಿತು. ಎಲ್ಲರೂ ನಕ್ಕರು.

ಮರುದಿನ ಹುಡುಗ ಬರಲಿಲ್ಲ. ಅದರ ಮರುದಿನ ಬಂದವನು ಮೇಜಿನ ಬಳಿ ನಿಂತು ಮೆಲ್ಲಗೆ, "ಸಾರ್, ಸಾಕ್ಸ್ ಇಲ್ಲ. ಸಂತೆ ದಿನ ಕೊಡಿಸ್ತೀನಿ ಅಂತ ಅಪ್ಪ ಹೇಳವ್ರೆ" ಎಂದ. ನಾನು ಅವನ ಕಾಲು ನೋಡಿದೆ. ಚಪ್ಪಲಿಯೂ ಇರಲಿಲ್ಲ.

"ಬೇಡಪ್ಪ, ತರಬೇಡ" ಎಂದಷ್ಟೇ ಹೇಳಿದೆ. ನಾನಾಡಿದ್ದು ಏನೆಂದು ಬಿಡಿಸಿ ಹೇಳುವ ಧೈರ್ಯವಾಗಲಿಲ್ಲ. ಆ ವರ್ಷವೆಲ್ಲ ಅವನು ನನ್ನ ತರಗತಿಯಲ್ಲಿ ಮತ್ತೊಂದು ಪ್ರಶ್ನೆ ಕೇಳಲಿಲ್ಲ. ನನಗೆ ಬೇಕಾದ ಮೌನವೇನೋ ದೊರೆಯಿತು.

ನನ್ನ ಹಳೆಯ ವಿದ್ಯಾರ್ಥಿಗಳು ಇದನ್ನು ಓದುತ್ತಿರುತ್ತೀರಿ. ಆ ಹುಡುಗನೂ ಓದುತ್ತಿದ್ದರೆ, ಅಂದು ಕೊಡಬೇಕಾಗಿದ್ದ ಉತ್ತರ ಇಷ್ಟು: ನಿನ್ನ ಪ್ರಶ್ನೆ ಸರಿಯಾಗಿಯೇ ಇತ್ತು ಮಗು. ಕೆಲವು ಪದಗಳು ಒಟ್ಟುಗೂಡಿದಾಗ ತಮ್ಮ ಸ್ವಂತ ಅರ್ಥವನ್ನು ಬಿಟ್ಟುಕೊಟ್ಟು ಬೇರೊಂದು ಅರ್ಥ ತಾಳುತ್ತವೆ. ನಮ್ಮಲ್ಲಿ "ತಲೆ ತಿನ್ನುವುದು" ಎಂದರೆ ಯಾರೂ ತಲೆಯನ್ನು ತಿನ್ನುವುದಿಲ್ಲವಲ್ಲ, ಹಾಗೆ. ಇದನ್ನು ಹೇಳಲು ಎರಡು ನಿಮಿಷ ಸಾಕಾಗಿತ್ತು. "ಪುಟ್ ಅಪ್ ವಿತ್" ಪಾಠ ಮಾಡುತ್ತಿದ್ದ ನನಗೆ ಅಷ್ಟು ಸಹನೆ ಇರಲಿಲ್ಲ. ಕ್ಷಮಿಸು.