ವಾದಪತ್ರದಲ್ಲಿ ತಂಗಿಯರ ಹೆಸರು

ಕೋರ್ಟಿನ ಮೆಟ್ಟಿಲು ಹತ್ತುವುದು ಮರ್ಯಾದಸ್ಥ ಮನೆತನಕ್ಕೆ ಒಪ್ಪುವುದಲ್ಲವೆಂಬ ಭಾವನೆ ನಮ್ಮ ಹಿರಿಯರಲ್ಲಿ ಬಲವಾಗಿತ್ತು. ನಾವೂ ಅದನ್ನು ಗೌರವಿಸುವವರೇ. ಆದರೆ ಹೊಲಮನೆಗಳ ಪಾಲು ಮಾತಿನಿಂದ ಬಗೆಹರಿಯದೆ ಹೋದಾಗ ದಾವೆ ಅನಿವಾರ್ಯವಾಗುತ್ತದೆ. ಅನಿವಾರ್ಯವಾದ ಮೇಲೆ ಅದನ್ನು ಸರಿಯಾಗಿ ಹೂಡಬೇಕು. ಯಾರನ್ನೆಲ್ಲ ಸೇರಿಸಬೇಕೆಂಬ ಪ್ರಶ್ನೆ ವಕೀಲರದಷ್ಟೇ ಅಲ್ಲ, ಮನೆಯವರದೂ ಹೌದು.

ನಮ್ಮ ತಂದೆಯವರೂ ದೊಡ್ಡಪ್ಪನವರೂ ತೀರಿಕೊಂಡ ಮೇಲೆ ಅಜ್ಜನ ಕಾಲದ ಹೊಲವೆಲ್ಲ ದೊಡ್ಡಪ್ಪನ ಗಂಡುಮಕ್ಕಳ ವಹಿವಾಟಿನಲ್ಲಿಯೇ ಉಳಿಯಿತು. ಹಿರಿಯರನ್ನು ಕೂಡಿಸಿ ಮೂರು ಸಲ ಮಾತಾಡಿದರೂ ತೀರ್ಮಾನವಾಗಲಿಲ್ಲ. ವಕೀಲರು ಮೊದಲು ಕೇಳಿದ್ದು ಪಹಣಿಯನ್ನಲ್ಲ, ವಂಶವೃಕ್ಷವನ್ನು. ಅದರಲ್ಲಿ ನಮ್ಮ ಇಬ್ಬರು ತಂಗಿಯರ ಹಾಗೂ ದೊಡ್ಡಪ್ಪನ ಮಗಳ ಹೆಸರನ್ನು ಬರೆಯುವುದನ್ನು ಕಂಡು ತಾಯಿಯವರು ನೊಂದುಕೊಂಡರು. “ಕೊಟ್ಟ ಹೆಣ್ಣುಮಕ್ಕಳನ್ನ ಕೋರ್ಟಿಗೆ ಎಳೀತೀರೇನಪಾ? ಅವರ ಅತ್ತಿಮನ್ಯಾಗ ಏನಂದಾರು?” ಎಂದರು. ಗಂಡನ ಪಾಲಿನಲ್ಲಿ ತಮಗೂ ಹಕ್ಕಿರುವುದರಿಂದ ತಾವೂ ಪಕ್ಷಗಾರರೆಂದು ಕೇಳಿ ಇನ್ನಷ್ಟು ಗಾಬರಿಯಾದರು.

ಕಾನೂನು ಇಲ್ಲಿ ಸ್ಪಷ್ಟವಾಗಿದೆ. 1956ರ ಹಿಂದೂ ಉತ್ತರಾಧಿಕಾರ ಅಧಿನಿಯಮದ 2ನೆಯ ಕಲಮು ವೀರಶೈವರನ್ನೂ ಲಿಂಗಾಯತರನ್ನೂ ಹೆಸರಿಸಿಯೇ ತನ್ನ ವ್ಯಾಪ್ತಿಗೆ ತಂದುಕೊಂಡಿದೆ. ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೆ ಮಗನಂತೆಯೇ ಹಕ್ಕು ಕೊಡುವ ತಿದ್ದುಪಡಿಯನ್ನು ಕರ್ನಾಟಕ 1994ರಲ್ಲಿಯೇ ತಂದಿತು. ಆದರೆ ಅದಕ್ಕೆ ಮುಂಚೆ ಮದುವೆಯಾದವರನ್ನು ಹೊರಗಿಟ್ಟಿತು. 2005ರ ಕೇಂದ್ರ ತಿದ್ದುಪಡಿ ಆ ಭೇದವನ್ನು ತೆಗೆದುಹಾಕಿತು. ಮಗಳ ಹಕ್ಕು ಹುಟ್ಟಿನಿಂದಲೇ ಬಂದದ್ದು, 2005ರಲ್ಲಿ ತಂದೆ ಬದುಕಿರಬೇಕಾದ ಅಗತ್ಯವಿಲ್ಲ ಎಂದು ಸರ್ವೋಚ್ಚ ನ್ಯಾಯಾಲಯ 2020ರಲ್ಲಿ ವಿನೀತಾ ಶರ್ಮಾ ಪ್ರಕರಣದಲ್ಲಿ ತೀರ್ಪಿತ್ತಿತು.

ಹೀಗಿರುವಾಗ ಹೆಣ್ಣುಮಕ್ಕಳನ್ನು ಬಿಟ್ಟು ಹೂಡಿದ ಪಾಲಿನ ದಾವೆ ನಿಲ್ಲುವುದಾದರೂ ಹೇಗೆ? 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 1ನೆಯ ಆದೇಶದ 9ನೆಯ ನಿಯಮವು, ಪಕ್ಷಗಾರರನ್ನು ಸೇರಿಸುವುದರಲ್ಲಿ ಆದ ಲೋಪದಿಂದಲೇ ದಾವೆ ಬಿದ್ದುಹೋಗಬಾರದೆಂದು ಉದಾರವಾಗಿ ಹೇಳುತ್ತದೆ. ಆದರೆ ಅವಶ್ಯ ಪಕ್ಷಗಾರರನ್ನು ಬಿಟ್ಟಿದ್ದರೆ ಆ ರಕ್ಷಣೆಯಿಲ್ಲವೆಂದು 1976ರಲ್ಲಿ ಅದಕ್ಕೊಂದು ಪರಂತುಕ ಸೇರಿತು. ಪಾಲಿನ ದಾವೆಯಲ್ಲಿ ಪಾಲುದಾರರೆಲ್ಲರೂ ಅವಶ್ಯ ಪಕ್ಷಗಾರರೇ. ಬಿಟ್ಟವರನ್ನು ಯಾವ ಹಂತದಲ್ಲಿಯೂ ಸೇರಿಸಲು 10ನೆಯ ನಿಯಮದಲ್ಲಿ ಅವಕಾಶವಿದೆ. ಆದರೆ ಕೇಳಿಕೊಳ್ಳುವವರು ಬೇಕು. ನಮ್ಮ ಬೀಗರ ಪೈಕಿ ಒಂದು ಮನೆಯವರು ಸೋದರಿಯರನ್ನು ಬಿಟ್ಟು ದಾವೆ ಹೂಡಿದರು. ಎದುರು ಪಕ್ಷದವರು ಆರಂಭದಲ್ಲಿಯೇ ಆಕ್ಷೇಪಿಸಿದರೂ ಹಟ ಬಿಡಲಿಲ್ಲ. ವರ್ಷಗಟ್ಟಲೆ ಸಾಕ್ಷಿ ನಡೆದ ಮೇಲೆ ಆ ಒಂದೇ ಕಾರಣದಿಂದ ದಾವೆ ವಜಾ ಆಯಿತು.

ಉಳಿದ ನಿಯಮಗಳು ಅಷ್ಟು ತೊಡಕಿನವಲ್ಲ. ಜಮೀನು ಇರುವ ಸ್ಥಳದ ನ್ಯಾಯಾಲಯದಲ್ಲಿಯೇ ವಾದಪತ್ರ ಸಲ್ಲಿಸಬೇಕು. ಪಕ್ಷಗಾರರ ಹೆಸರು, ವಿಳಾಸ, ದಾವೆಗೆ ಕಾರಣ ಹುಟ್ಟಿದ ಬಗೆ ಮತ್ತು ಕಾಲ, ಕೇಳುವ ಪರಿಹಾರ, ಆಸ್ತಿಯ ಚಕ್ಕುಬಂದಿ, ಇವೆಲ್ಲ ಅದರಲ್ಲಿರಬೇಕು. ಅಪ್ರಾಪ್ತ ವಯಸ್ಕರಿದ್ದರೆ ಅವರ ಪರವಾಗಿ ಒಬ್ಬರು ನಿಲ್ಲಬೇಕು. ದಾವೆ ನಡೆಯುವಾಗ ಪಕ್ಷಗಾರರೊಬ್ಬರು ತೀರಿಕೊಂಡರೆ ಅವರ ವಾರಸುದಾರರನ್ನು 90 ದಿನಗಳೊಳಗೆ ದಾಖಲೆಗೆ ತರಬೇಕು. ದುಃಖದ ಮನೆಯಲ್ಲಿ ಈ ಲೆಕ್ಕ ಯಾರಿಗೂ ನೆನಪಿರುವುದಿಲ್ಲ.

ದೊಡ್ಡ ತಂಗಿ ನಮ್ಮೊಡನೆ ವಾದಿಯಾಗಿ ಸಹಿ ಮಾಡಿದಳು. ಚಿಕ್ಕವಳು ದೊಡ್ಡಪ್ಪನ ಮನೆಯ ಅಕ್ಕರೆಯಲ್ಲಿ ಬೆಳೆದವಳು. ಅವರ ವಿರುದ್ಧ ಸಹಿ ಹಾಕಲಾರೆನೆಂದಳು. ಒಲ್ಲದವರನ್ನು ವಾದಿಯಾಗಿಸಲು ಬರುವುದಿಲ್ಲವಾದ್ದರಿಂದ ಅವಳು ಪ್ರತಿವಾದಿಯಾದಳು. ಪ್ರತಿವಾದಿಯೆಂದರೆ ವೈರಿಯಲ್ಲ, ಪಾಲಿನ ದಾವೆಯಲ್ಲಿ ಪ್ರತಿವಾದಿಯೂ ತನ್ನ ಪಾಲಿನ ಶುಲ್ಕ ಕಟ್ಟಿ ತನ್ನ ಹಿಸ್ಸೆಯನ್ನು ಬೇರೆ ಮಾಡಿಕೊಡಿರೆಂದು ಕೇಳಬಹುದು. ಸಮನ್ಸ್ ತಲುಪುವ ಮುಂಚೆಯೇ ನಾವು ಅವಳ ಮನೆಗೆ ಹೋಗಿ ಅತ್ತೆಮಾವಂದಿರೆದುರು ಇದನ್ನೆಲ್ಲ ವಿವರಿಸಿದೆವು. ಅವಳಿಗೆ ಪಾಲು ಬೇಡವೆಂದಾದರೂ ಬಾಯಿಮಾತು ಸಾಲದು, ನೋಂದಾಯಿತ ಹಕ್ಕುಬಿಡುಗಡೆ ಪತ್ರವೇ ಬೇಕು ಎಂಬುದನ್ನೂ ಹೇಳಿದೆವು. ಅವಳು ಇನ್ನೂ ಏನನ್ನೂ ನಿರ್ಧರಿಸಿಲ್ಲ, ನಾವೂ ಒತ್ತಾಯಿಸಿಲ್ಲ.

ಈಗ ದೊಡ್ಡಪ್ಪನ ಮಕ್ಕಳೇ ಲೋಕ ಅದಾಲತ್ತಿನಲ್ಲಿ ರಾಜಿಯಾಗೋಣವೆಂದು ಹೇಳಿ ಕಳಿಸಿದ್ದಾರೆ. ರಾಜಿಪತ್ರಕ್ಕೆ ಸಹಿ ಹಾಕಬೇಕಾದವರೆಲ್ಲರ ಹೆಸರೂ ದಾವೆಯಲ್ಲಿರುವುದರಿಂದ ಹೊಸದಾಗಿ ಯಾರನ್ನೂ ಹುಡುಕಬೇಕಾಗಿಲ್ಲ.