ಕಿಲ್ಲಿಕ್ರ್ಯಾಂಕಿಯ ಬಿರಡೆ

ಸ್ಕಾಟ್ಲೆಂಡಿನ ಪಿಟ್ಲಾಕ್ರಿ ಪಟ್ಟಣದಿಂದ ಉತ್ತರಕ್ಕೆ ಸ್ವಲ್ಪ ದೂರ ಸಾಗಿದರೆ ಕಿಲ್ಲಿಕ್ರ್ಯಾಂಕಿ ಕಣಿವೆ. ಇಕ್ಕೆಲಗಳಲ್ಲಿ ಓಕ್ ಮರಗಳ ಕಾಡು. ಕೆಳಗೆ ಬಂಡೆಗಳ ನಡುವೆ ಭೋರ್ಗರೆಯುವ ಗ್ಯಾರಿ ನದಿ. ಇಲ್ಲಿ 1689ರ ಜುಲೈ 27ರ ಸಂಜೆ, ದೊರೆ ವಿಲಿಯಂನ ಸೇನೆಗೂ ಪದಚ್ಯುತ ದೊರೆ ಜೇಮ್ಸ್‌ನ ಬೆಂಬಲಿಗರಿಗೂ ಕಾಳಗ ನಡೆಯಿತು.

ವಿಲಿಯಂನ ದಳಪತಿ ಹ್ಯೂ ಮೆಕೆಯ ಸೈನಿಕರು ಬಯೊನೆಟ್ಟಿನ ಹಿಡಿಯನ್ನು ಬಂದೂಕಿನ ಬಾಯಿಗೇ ಬಿರಡೆಯಂತೆ ತುರುಕಬೇಕಿತ್ತು. ತುರುಕಿದರೆ ಗುಂಡು ಹಾರಿಸುವಂತಿಲ್ಲ. ಸಡಿಲವಾದರೆ ಉದುರುತ್ತದೆ, ಬಿಗಿಯಾದರೆ ಕೀಳಲು ಬಾರದು. ಅವರು ಗುಂಡು ಹಾರಿಸಿ ಬಯೊನೆಟ್ ಸಿಕ್ಕಿಸುವಷ್ಟರಲ್ಲಿ ಗುಡ್ಡದಿಂದ ಇಳಿದ ಹೈಲ್ಯಾಂಡಿನವರು ಕತ್ತಿ ಹಿರಿದು ಮೈಮೇಲೆ ಬಿದ್ದರು. ನೂರಾರು ಮಂದಿ ಹತರಾದರು. ಗೆದ್ದವರ ನಾಯಕ ಡಂಡಿಯೂ ಮಡಿದ. ಡೊನಾಲ್ಡ್ ಮೆಕ್‌ಬೇನ್ ಎಂಬ ಸೈನಿಕ 18 ಅಡಿ ಅಗಲದ ನದಿಯನ್ನು ನೆಗೆದು ಪಾರಾದನಂತೆ. ಆ ಸ್ಥಳಕ್ಕೆ ಇಂದಿಗೂ ‘ಸೋಲ್ಜರ್ಸ್ ಲೀಪ್’ ಎಂದೇ ಹೆಸರು.

ಸೋತ ಮೆಕೆ ಸುಮ್ಮನೆ ಕೂರಲಿಲ್ಲ. ಬಯೊನೆಟ್ ನಳಿಗೆಯ ಹೊರಗೆ ಕೂರುವ ಉಪಾಯ ಹುಡುಕಿದ. ಮುಂದೆ ನಳಿಗೆಗೆ ತೊಡಿಸಿ, ತಿರುಗಿಸಿ ಸಿಕ್ಕಿಸುವ ಕೊಳವೆ ಎಲ್ಲೆಡೆ ಬಂತು. ಅದೂ ಸಡಿಲವಾಗಿ ಕಳಚತೊಡಗಿದಾಗ ಸ್ಪ್ರಿಂಗ್ ಚಿಲಕ ಬಂತು.

ಇಂದು ಕಣಿವೆಯ ಕಾಲುದಾರಿಯಲ್ಲಿ ಪ್ರವಾಸಿಗರು ಆ ಬಂಡೆಯವರೆಗೆ ನಡೆದು, ನೀರಿನ ಅಗಲವನ್ನು ಕಣ್ಣಳತೆಯಲ್ಲೇ ಅಳೆದು ಹಿಂತಿರುಗುತ್ತಾರೆ.