ಒಂದರಿಂದ ನಾಲ್ಕು

ಪುಣೆಯ ಸದಾಶಿವ ಪೇಠದಲ್ಲಿ ಮನೆ ಮಾಡಿ 26 ವರ್ಷವಾಯಿತು. ಆದರೂ ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಇಲ್ಲಿ ಅಂಗಡಿ ಮುಚ್ಚಿರುತ್ತದೆ ಎಂಬುದನ್ನು ನಾನು ಇವತ್ತಿಗೂ ಮರೆಯುತ್ತೇನೆ. ದೊಡ್ಡ ರಸ್ತೆಯ ದೊಡ್ಡ ಅಂಗಡಿಗಳು ಈಗೀಗ ಈ ನೇಮ ಬಿಟ್ಟಿವೆ. ನಮ್ಮ ಗಲ್ಲಿಯ ಕಂಪ್ಯೂಟರ್ ರಿಪೇರಿ ಅಂಗಡಿಯವರು ಬಿಟ್ಟಿಲ್ಲ. ಅವರ ಬಾಗಿಲಿಗೆ ಒಂದು ಪಾಟಿ ನೇತಾಡುತ್ತದೆ: ‘ಒಂದರಿಂದ ನಾಲ್ಕು ಬಂದ್. ಕಡಿ ಬಾರಿಸಬಾರದು. ಬಾರಿಸಿದರೂ ನಾಲ್ಕಕ್ಕೇ ತೆರೆಯುತ್ತದೆ.’ ಪುಣೇರಿ ಪಾಟಿಗಳ ಹೆಚ್ಚುಗಾರಿಕೆ ಇದು. ಬೈದ ಹಾಗೂ ಇರುವುದಿಲ್ಲ, ಬಿಟ್ಟ ಹಾಗೂ ಇರುವುದಿಲ್ಲ.

ಸಂಕ್ರಮಣ ಮುಗಿದ ಮೇಲಿನ ಶನಿವಾರ, ಹನ್ನೆರಡರ ಸುಮಾರಿಗೆ, ನಾನು ನನ್ನ ಕಂಪ್ಯೂಟರಿನ ಹೊಟ್ಟೆ ಬಿಚ್ಚಲು ಕುಳಿತೆ.

ಅದರ ಕಾಯಿಲೆ ವಿಚಿತ್ರವಾಗಿತ್ತು. 2010ರಲ್ಲಿ ಕೊಂಡ ಯಂತ್ರ. ಕೆಲವು ವಾರಗಳಿಂದ ದಿನಾ ಬೆಳಿಗ್ಗೆ ಎದ್ದ ಕೂಡಲೇ ಇವತ್ತು 2009ರ ಜನವರಿ 1 ಎಂದು ಹಟ ಹಿಡಿಯುತ್ತಿತ್ತು. ನಾನು ತಾರೀಖು ತಿದ್ದುವುದು, ರಾತ್ರಿ ಸ್ವಿಚ್ಚು ಆರಿಸುವುದು, ಬೆಳಿಗ್ಗೆ ಅದು ತಿರುಗಿ ಜನವರಿ 1ಕ್ಕೇ ಹೋಗಿ ಕೂಡುವುದು. ತಾರೀಖು ತಪ್ಪಿದರೆ ಬ್ಯಾಂಕಿನ ಪುಟವೂ ತೆರೆಯುವುದಿಲ್ಲ, ನಿಮ್ಮ ಗಡಿಯಾರ ಹಿಂದಿದೆ ಎನ್ನುತ್ತದೆ. ಈ ಪೇಠದಲ್ಲಿ ಆ ಮಾತನ್ನು ಯಾರಿಗಾದರೂ ಹೇಳಬಹುದು. ಪೇಠಕ್ಕೆ ಹೆಸರು ಬಂದದ್ದು ಮರಾಠಾ ಸೇನಾಪತಿ ಸದಾಶಿವರಾವ್ ಭಾವೂ ಅವರಿಂದ. ಪಾನಿಪತ್ತಿನ ರಣದಲ್ಲಿ, 1761ರ ಜನವರಿ 14ರಂದು, ಅವರು ತೀರಿಕೊಂಡರು. ಹೆಂಡತಿ ಪಾರ್ವತಿಬಾಯಿ ಮಾತ್ರ ಅದನ್ನು ನಂಬದೆ, ಕುಂಕುಮ ಅಳಿಸದೆ ಕೊನೆಯವರೆಗೂ ದಾರಿ ಕಾದರೆಂದು ಹೇಳುತ್ತಾರೆ. ನನ್ನ ಕಂಪ್ಯೂಟರೂ ಜನವರಿ 1ರಲ್ಲೇ ನಿಂತುಬಿಟ್ಟಿತ್ತು. 14ನ್ನು ಅದು ಕಾಣುವುದೇ ಬೇಡವೆಂದಿತ್ತೋ ಏನೋ!

ನಿಜವಾದ ಕಾರಣ ಅಷ್ಟು ಕರುಣಾಜನಕವಲ್ಲ. ಮದರ್‌ಬೋರ್ಡಿನ ಮೇಲೆ ಎರಡು ರೂಪಾಯಿಯ ನಾಣ್ಯದಂಥ ಒಂದು ಸೆಲ್ಲು ಇರುತ್ತದೆ, ಸಿಆರ್ 2032 ಅಂತ, 3 ವೋಲ್ಟಿನದು. ಕರೆಂಟು ಇಲ್ಲದಾಗಲೂ ಗಡಿಯಾರ ನಡೆಸುವುದು ಅದರ ಕೆಲಸ. ಅದು ಸತ್ತಿತ್ತು. ಸೆಲ್ಲು ಮೊದಲೇ ತಂದಿಟ್ಟಿದ್ದೆ, ಐದು ನಿಮಿಷದ ಕೆಲಸ. ಆದರೆ ಹೇಗೂ ಬಿಚ್ಚುತ್ತೇನೆ, ಧೂಳೂ ತೆಗೆಯೋಣ, ಫ್ಯಾನೂ ಗುರ್ ಎನ್ನುತ್ತದೆ, ಅದನ್ನೂ ನೋಡೋಣ ಎಂದುಕೊಂಡೆ. ಮನುಷ್ಯ ಕೆಡುವುದು ಈ ‘ಹೇಗೂ’ ಎಂಬ ಮಾತಿನಿಂದ.

“ಅಲ್ರೀ, ಐದಕ್ಕ ಅರಿಷಿಣ-ಕುಂಕುಮಕ್ಕ ಮಂದಿ ಬರ್ತಾರ. ಇದನ್ನ ಈಗ ಹರವಬೇಕಾ?” ಎಂದಳು ಹೆಂಡತಿ.

“ಒಂದು ತಾಸಿನ ಕೆಲಸ.”

“ನಿಮ್ಮ ತಾಸು ನನಗ ಗೊತ್ತದ.”

ಪುಣೆಯಲ್ಲಿ ಸಂಕ್ರಮಣದಿಂದ ರಥಸಪ್ತಮಿಯವರೆಗೆ ಹೆಂಗಸರು ಅರಿಷಿಣ-ಕುಂಕುಮಕ್ಕೆ ಕರೆದು ಬಂದವರಿಗೆ ‘ವಾಣ’ ಕೊಡುತ್ತಾರೆ, ಚಿಕ್ಕ ಡಬ್ಬಿಯೋ ಬಟ್ಟಲೋ ಜಾಲರಿಯೋ, ಏನಾದರೂ ಒಂದು. ನಮ್ಮ ಮನೆಯ ಆ ವರ್ಷದ ವಾಣ ಅಂಗೈಯಲ್ಲಿ ಕೂಡುವಂಥ ಸ್ಟೀಲಿನ ಮುಚ್ಚಳದ ಡಬ್ಬಿ. ಎರಡು ಡಜನ್ ಡಬ್ಬಿಗಳು ಮೂಲೆಯಲ್ಲಿ ಫಳಫಳ ಹೊಳೆಯುತ್ತ ಕೂತಿದ್ದವು. ಅದರಲ್ಲಿ ಎರಡನ್ನು ನಾನು ಕೇಳದೆ ತಗೊಂಡೆ. ಕಂಪ್ಯೂಟರಿನ ಸ್ಕ್ರೂಗಳಲ್ಲಿ ಎರಡು ಜಾತಿ, ದಪ್ಪ ಎಳೆಯದು ಒಂದು, ಸಣ್ಣ ಎಳೆಯದು ಒಂದು. ನೋಡಲು ಅಣ್ಣತಮ್ಮಂದಿರ ಹಾಗೆ ಕಂಡರೂ ಒಂದರ ತೂತಿನಲ್ಲಿ ಇನ್ನೊಂದನ್ನು ತಿರುವಿದರೆ ಎಳೆ ಕತ್ತರಿಸಿ, ಅದು ಮುಂದೆ ಎಂದೂ ಬಿಗಿಯಾಗುವುದಿಲ್ಲ. ಬೇರೆಬೇರೆ ಡಬ್ಬಿ ಬೇಕೇ ಬೇಕು.

ಅಷ್ಟರಲ್ಲಿ ಮೇಲಿನ ಕೋಣೆಯ ಹುಡುಗ ಇಳಿದು ಬಂದ. ಜತ್ತ ತಾಲೂಕಿನವನು, ಸಾಂಗ್ಲಿ ಜಿಲ್ಲೆ. ಮನೆಮಾತು ಕನ್ನಡ, ಓದಿದ್ದು ಮರಾಠಿ. ಈ ಪೇಠದ ಅರ್ಧ ಕೋಣೆಗಳಲ್ಲಿ ಎಂಪಿಎಸ್‌ಸಿ (ಮಹಾರಾಷ್ಟ್ರ ಲೋಕಸೇವಾ ಆಯೋಗ) ಪರೀಕ್ಷೆಗೆ ಕೂಡುವವರಿದ್ದಾರೆ, ಇವನೂ ಒಬ್ಬ. “ಏನ್ ಮಾಡಾಕತ್ತೀರಿ ಕಾಕಾರ?” ಎನ್ನುತ್ತ, ಸೆಖೆಯಾಯಿತೆಂದು ಸ್ವೆಟರ್ ತಲೆಯ ಮೇಲಿಂದ ಎಳೆದ. ಚಿಟಿಚಿಟಿ ಎಂದಿತು. ಕೂದಲು ನೆಟ್ಟಗೆ ನಿಂತವು.

“ಮುಟ್ಟಬ್ಯಾಡ!” ಎಂದು ಕೂಗಿದೆ.

ಅವನು ನನಗೆ ಶಾಕ್ ಹೊಡೆಯಿತೆಂದು ತಿಳಿದ. ಜನಕ್ಕೆಲ್ಲ ಇರುವುದು ಆ ಭಯವೇ, ಯಂತ್ರ ನಮ್ಮನ್ನು ಹೊಡೆಯುತ್ತದೆ ಎಂಬುದು. ಇಲ್ಲಿ ಮಾತ್ರ ಹೊಡೆಯುವವರು ನಾವು. ಪುಣೆಯ ಜನವರಿಯ ಹವೆ ಒಣ. ಸ್ವೆಟರ್ ಕಳಚಿದರೆ, ನೈಲಾನ್ ಚಾಪೆಯ ಮೇಲೆ ಓಡಾಡಿದರೆ ಮೈಯಲ್ಲಿ ಸ್ಥಿರವಿದ್ಯುತ್ತು ಕೂಡಿಕೊಳ್ಳುತ್ತದೆ. ಕಪಾಟಿನ ಹಿಡಿಕೆ ಮುಟ್ಟಿದಾಗ ‘ಚಟ್’ ಎಂದು ಬೆರಳಿಗೆ ಕಚ್ಚುತ್ತದಲ್ಲ, ಅದೇ. ನಮ್ಮ ಬೆರಳಿಗೆ ಅದು ತಿಳಿಯಬೇಕಾದರೆ ಸುಮಾರು 3000 ವೋಲ್ಟಾದರೂ ಬೇಕು. ಚಿಪ್ಪುಗಳ ಪೈಕಿ ಕೆಲವಕ್ಕೆ 100 ವೋಲ್ಟು ಸಾಕು, ಒಳಗೇ ಸುಟ್ಟುಹೋಗುತ್ತವೆ. ನಮಗೆ ಗೊತ್ತೂ ಆಗುವುದಿಲ್ಲ, ಅದಕ್ಕೆ ಹೇಳಿಕೊಳ್ಳಲೂ ಬರುವುದಿಲ್ಲ. ಆದ್ದರಿಂದ ಬಣ್ಣವಿಲ್ಲದ ಕಬ್ಬಿಣದ ಭಾಗವನ್ನು, ಕ್ಯಾಬಿನೆಟ್ಟಿನ ಚೌಕಟ್ಟನ್ನು, ಮೊದಲು ಮುಟ್ಟಬೇಕು, ನಡುನಡುವೆಯೂ ಮುಟ್ಟುತ್ತಿರಬೇಕು. ಗುಡಿಯಲ್ಲಿ ಹೊಸ್ತಿಲು ಮುಟ್ಟಿ ಒಳಗೆ ಹೋಗುವ ಹಾಗೆ.

ವೈರನ್ನು ಗೋಡೆಯಿಂದ ಕಿತ್ತಿದ್ದೆ. ಕಿತ್ತ ಮೇಲೆ ಪವರ್ ಬಟನ್ ಒತ್ತಿ ಹಿಡಿದೆ. ಕರೆಂಟೇ ಇಲ್ಲದ ಯಂತ್ರದ ಫ್ಯಾನು ಅರ್ಧ ಸುತ್ತು ತಿರುಗಿ ನಿಂತಿತು, ಒಳಗೆ ಉಳಿದ ಕೊನೆಯ ಗುಟುಕು ಕುಡಿದ ಹಾಗೆ. ಎಷ್ಟು ಸಲ ನೋಡಿದರೂ ನನಗೆ ಇದರಲ್ಲಿ ಬೇಸರವಿಲ್ಲ. ಆಮೇಲೆ ಬಿಚ್ಚುವ ಮೊದಲೇ ಒಳಗಿನದನ್ನೆಲ್ಲ ಮೊಬೈಲಿನಲ್ಲಿ ನಾಲ್ಕು ಫೋಟೊ ತೆಗೆದೆ. ಪವರ್ ಬಟನ್ನಿನ ಕೂದಲಿನಂಥ ತಂತಿಗಳು ಯಾವ ಮೊಳೆಗೆ ಹೋಗಿದ್ದವೆಂದು ಬಿಚ್ಚಿದ ಮೇಲೆ ದೇವರಿಗೂ ನೆನಪಿರುವುದಿಲ್ಲ.

ಧೂಳಿನ ಮಾತು ಏನು ಹೇಳಲಿ! ಫ್ಯಾನಿನ ಕೆಳಗೆ ಅಲ್ಯುಮಿನಿಯಮ್ ರೆಕ್ಕೆಗಳ ನಡುವೆ ಬೂದು ಬಣ್ಣದ ಕಂಬಳಿಯೇ ಹಾಸಿತ್ತು. ಕ್ಯಾಬಿನೆಟ್ಟನ್ನು ವಾಡೆಯ ಅಂಗಳಕ್ಕೆ ಒಯ್ದೆ. ಪೇಂಟಿಂಗ್ ಬ್ರಷ್ಷು ನನ್ನ ಕೈಯಲ್ಲಿ, ಫ್ಯಾನು ತಿರುಗದಂತೆ ಹಿಡಿದ ಬೆರಳು ಹುಡುಗನದು. ಕೆಳಗಿನ ಮನೆಯ ಆಜಿ ತಲೆ ಹೊರಹಾಕಿ, ನಮ್ಮ ತುಳಸಿಗೆ ಗಣಕಯಂತ್ರದ ಗೊಬ್ಬರ ಬೇಡ ಎಂದರು. ಹುಡುಗ ಅಷ್ಟಕ್ಕೇ ಬಿಡದೆ, ಹಿಂಬದಿಯ ಪವರ್ ಸಪ್ಲೈ ಡಬ್ಬವನ್ನೂ ಬಿಚ್ಚೋಣವೇ ಎಂದ. ಅದು ಮಾತ್ರ ಬೇಡ. ಎಸ್‌ಎಂಪಿಎಸ್ ಎಂಬ ಆ ಡಬ್ಬದಲ್ಲಿ ಮನೆಯ 230 ವೋಲ್ಟು ಸುಮಾರು 325 ವೋಲ್ಟಿನ ನೇರ ವಿದ್ಯುತ್ತಾಗಿ ಕೆಪಾಸಿಟರಿನಲ್ಲಿ ಕೂಡುತ್ತದೆ, ಪ್ಲಗ್ ಕಿತ್ತ ಮೇಲೂ ಒಂದಿಷ್ಟು ಹೊತ್ತು ಉಳಿಯುತ್ತದೆ. ಉಳಿದದ್ದೆಲ್ಲ ಬಿಚ್ಚಬಹುದಾದ ಮನೆಯಾದರೆ ಅದು ಪಕ್ಕದ ಮನೆಯವರ ದೇವರಕೋಣೆ.

ಸೆಲ್ಲು ಬದಲಾಯಿತು. ಫ್ಯಾನಿನ ನಾಲ್ಕು ಮೂಲೆಯ ಗೂಟಗಳನ್ನು ಬಾಣದ ದಿಕ್ಕಿಗೆ ಕಾಲು ಸುತ್ತು ತಿರುವಿ ಮೇಲೆತ್ತಿದೆ. ಹೀಟ್‌ಸಿಂಕು ಹಳೇ ಬೆಲ್ಲ ತಳ ಹಿಡಿದಂತೆ ಒಂದು ಗಳಿಗೆ ಅಂಟಿಕೊಂಡು ಬಿಟ್ಟುಕೊಂಡಿತು. ಕೆಳಗೆ ಪ್ರೊಸೆಸರಿನ ಮೇಲೆ ಒಣಗಿದ ಬಿಳಿ ಹಿಟ್ಟು. ಒಂದು ಕಾಲಕ್ಕೆ ಅದು ಥರ್ಮಲ್ ಪೇಸ್ಟಾಗಿತ್ತು. ಎಷ್ಟೇ ನುಣುಪಾದ ಲೋಹಕ್ಕೂ ಕಣ್ಣಿಗೆ ಕಾಣದ ತಗ್ಗುದಿಣ್ಣೆ ಇರುತ್ತವೆ. ಅಲ್ಲಿ ಗಾಳಿ ಕೂತರೆ ಶಾಖ ದಾಟುವುದಿಲ್ಲ. ಆ ಸಂದು ತುಂಬುವುದೇ ಪೇಸ್ಟಿನ ಕೆಲಸ. ಒಮ್ಮೆ ಎತ್ತಿದರೆ ಹೊಸದು ಹಚ್ಚದೆ ಇಡುವ ಹಾಗಿಲ್ಲ.

ಪೇಸ್ಟು ಎಲ್ಲಿದೆ? ಅಂಗಡಿಯಲ್ಲಿದೆ. ಗಂಟೆ ಎಷ್ಟು? ಒಂದು ದಾಟಿ ಮೂರು ನಿಮಿಷ.

ಓಡಿದೆ. ಪಾಟಿ ನನ್ನನ್ನು ನೋಡಿತು, ನಾನು ಪಾಟಿಯನ್ನು ನೋಡಿದೆ. ತಿರುಗಿ ಬಂದೆ.

ಹೀಗೆ ನನಗೆ ಮೂರು ತಾಸು ಪುಕ್ಕಟೆ ಸಿಕ್ಕವು. ಹಾಲಿನಲ್ಲಿ ಹಳೇ ಮರಾಠಿ ಪೇಪರಿನ ಮೇಲೆ ಕಂಪ್ಯೂಟರು ಅಂಗಾತ ಮಲಗಿತ್ತು. ಹೆಂಡತಿ ಒಳಗೆ ಮಲಗಿದ್ದಳು. ಇಡೀ ಪೇಠ ಮಲಗಿತ್ತು. ಖಾಲಿ ಸ್ಲಾಟುಗಳನ್ನು ನೋಡುತ್ತ ಕುಳಿತವನಿಗೆ ಹುಬ್ಬಳ್ಳಿ ನೆನಪಾಯಿತು.

1990ರ ದಶಕದ ಮೊದಲ ವರ್ಷಗಳು. ಅಲ್ಲಿಯ ಒಂದು ಮುದ್ರಣಾಲಯದಲ್ಲಿ ನಾನು ಪ್ರೂಫ್ ನೋಡುತ್ತಿದ್ದೆ. ಕಂಪ್ಯೂಟರು ಬಂದಿತ್ತು, ಆದರೆ ಅದಕ್ಕೆ ಕನ್ನಡ ಬರುತ್ತಿರಲಿಲ್ಲ. ಒಂದು ದಿನ ಒಬ್ಬ ಎಂಜಿನಿಯರು ಸೂಟ್‌ಕೇಸಿನಲ್ಲಿ ಬೆಳ್ಳಿಬಣ್ಣದ ಚೀಲದೊಳಗೆ ಒಂದು ಹಸಿರು ಹಲಗೆ ತಂದ. ಜಿಸ್ಟ್ ಕಾರ್ಡು. ಕಾನ್ಪುರದ ಐಐಟಿಯಲ್ಲಿ ಹುಟ್ಟಿ, 1988ರಲ್ಲಿ ಶುರುವಾದ ಪುಣೆಯ ಸಿ-ಡ್ಯಾಕ್‌ನಲ್ಲಿ ಬೆಳೆದದ್ದು. ಅದೇ ಸಿ-ಡ್ಯಾಕ್ 1991ರಲ್ಲಿ ಪರಮ್ 8000 ಎಂಬ ಸೂಪರ್ ಕಂಪ್ಯೂಟರು ಮಾಡಿ ಹೆಸರಾಯಿತು. ನಮಗೆ ಪರಮ್ ಕಟ್ಟಿಕೊಂಡು ಏನಾಗಬೇಕಿತ್ತು? ನಮಗೆ ಬೇಕಾದ್ದು ಒತ್ತಕ್ಷರ. ಆತ ಚೀಲ ತೆಗೆಯುವ ಮೊದಲು ಕ್ಯಾಬಿನೆಟ್ಟಿನ ಕಬ್ಬಿಣವನ್ನು ಮುಟ್ಟಿದ. ಇದೇನೋ ದೇವರಿಗೆ ಕೈ ಮುಗಿಯುತ್ತಾನೆಂದು ನಮ್ಮ ಮಾಲೀಕರು ಊದುಬತ್ತಿ ತರಿಸಿದರು. ಆತ ನಗುತ್ತ ಬೇಡವೆಂದ. ಕಾರ್ಡಿನ ಎರಡೂ ತುದಿಗೆ ಹೆಬ್ಬೆರಳಿಟ್ಟು ಸಮನಾಗಿ ಒತ್ತಿದ. ಕಟ್ ಎಂದು ಕೂತಿತು. ಒಂದು ಸ್ಕ್ರೂ.

ಆಮೇಲೆ ಪರದೆಯ ಮೇಲೆ ದೇವನಾಗರಿಯಲ್ಲಿ ‘ಪುಣೆ’ ಎಂದು ಬೆರಳಚ್ಚಿಸಿದ. ನಮ್ಮ ಮುಖ ಸಣ್ಣದಾಯಿತು. ಲಿಪಿ ಬದಲಿಸಿದ. ಅದೇ ಜಾಗದಲ್ಲಿ, ಅದೇ ಸದ್ದಿಲ್ಲದ ಹಸಿರು ಬೆಳಕಿನಲ್ಲಿ, ‘ಪುಣೆ’ ಕನ್ನಡವಾಯಿತು. ಬ್ರಾಹ್ಮಿ ಮೂಲದ ಭಾರತದ ಲಿಪಿಗಳಿಗೆಲ್ಲ ಒಂದೇ ಸಂಕೇತದ ಲೆಕ್ಕ, ಇಸ್ಕಿ ಅಂತ. ‘ಪ’ ಯಾವ ಲಿಪಿಯಲ್ಲಿದ್ದರೂ ಒಳಗೆ ಅದೇ ಅಂಕಿ. ಮೊಳೆ ಜೋಡಿಸಿ ಬೆರಳು ಸವೆದಿದ್ದ ನಮ್ಮ ಹಿರಿಯ ಕಂಪೋಜಿಟರು ಹತ್ತಿರ ಹೋಗಿ ಪರದೆಯನ್ನು ಉಗುರಿನಿಂದ ಮೆಲ್ಲಗೆ ಕೆರೆದು ನೋಡಿದರು.

ಆ ಕಾಲಕ್ಕೆ ಕನ್ನಡವೆಂದರೆ ಕಂಪ್ಯೂಟರಿನ ಒಂದು ಬಿಡಿಭಾಗ. ಚೀಲದಿಂದ ತೆಗೆದು, ಸ್ಲಾಟಿಗೆ ಒತ್ತಿ, ಸ್ಕ್ರೂ ತಿರುವಿ ಕೂಡಿಸಬೇಕಾದದ್ದು. ಈಗ ಕನ್ನಡ ಫೋನಿನಲ್ಲೇ ಬರುತ್ತದೆ, ಯಾರೂ ಏನೂ ಬಿಚ್ಚಬೇಕಿಲ್ಲ. ಒಳ್ಳೆಯದೇ ಆಯಿತು. ಆದರೂ ಆ ‘ಕಟ್’ ಎಂಬ ಸದ್ದು ಕೇಳಿದವನಿಗೆ ಸ್ಲಾಟು ಖಾಲಿ ಕಂಡರೆ ಕೈ ಸುಮ್ಮನಿರುವುದಿಲ್ಲ.

ಹುಡುಗನ ಕೈಯೂ ಸುಮ್ಮನಿರಲಿಲ್ಲ. “ನನ್ನ ಕಡೆ ಒಂದು ಹಳೇ ರ್‍ಯಾಮ್ ಐತ್ರಿ, ಹಾಕೂಣು” ಎಂದು ಕೋಣೆಗೆ ಓಡಿ ತಂದ. ನನ್ನದರ ಪಕ್ಕಕ್ಕೆ ಹಿಡಿದರೆ ಅಷ್ಟೇ ಉದ್ದ, ಎಣಿಸಿದರೆ ಅಷ್ಟೇ ಹಲ್ಲು, 240. ಸ್ಲಾಟಿನ ಮೇಲಿಟ್ಟ. ಇಳಿಯಲಿಲ್ಲ.

“ಯಾಕ ಕುಂಡ್ರವಲ್ದು? ಜೋರ್ ಒತ್ಲೇನ್ರಿ?”

“ಏ ತಮ್ಮಾ, ಒತ್ತಬ್ಯಾಡ. ಅದು ತೋತಯಾ.”

ಅವನಿಗೆ ಅರ್ಥವಾಯಿತು. ಎಂಪಿಎಸ್‌ಸಿ ಓದುವವನಲ್ಲವೇ. ಪಾನಿಪತ್ತಿನ ಎಷ್ಟೋ ವರ್ಷದ ಮೇಲೆ ನಾನೇ ಸದಾಶಿವರಾವ್ ಭಾವೂ ಎಂದು ಹೇಳಿಕೊಂಡು ಒಬ್ಬ ಬಂದ. ಮರಾಠಿಯಲ್ಲಿ ವೇಷಧಾರಿಗೆ ತೋತಯಾ ಎನ್ನುತ್ತಾರೆ. ದಂಡು ಕಟ್ಟಿದ, ಕೋಟೆಗಳನ್ನೂ ಹಿಡಿದ. ಕೊನೆಗೆ 1776ರಲ್ಲಿ ಅವನಿಗೆ ಮರಣದಂಡನೆಯಾಯಿತು. ರ್‍ಯಾಮಿನ ವಿಚಾರಣೆ ಅಷ್ಟು ಉದ್ದವಿಲ್ಲ. ಕೆಳ ಅಂಚಿನಲ್ಲಿ ಒಂದು ಕಚ್ಚು ಇರುತ್ತದೆ. ನನ್ನದು ಡಿಡಿಆರ್ 2, ಅವನು ತಂದದ್ದು ಡಿಡಿಆರ್ 3, ಕಚ್ಚಿನ ಜಾಗ ಸ್ವಲ್ಪ ಅತ್ತಿತ್ತ. ಒಂದಕ್ಕೆ 1.8 ವೋಲ್ಟು, ಇನ್ನೊಂದಕ್ಕೆ 1.5. ಕೂಡಬಾರದವರು ಕೂಡದಿರಲೆಂದೇ ಮಾಡಿದ ಕಚ್ಚು. ಕಂಪ್ಯೂಟರಿನೊಳಗೆ ಯಾವುದಾದರೂ ಒಪ್ಪಿ ಇಳಿಯದಿದ್ದರೆ ಅದಕ್ಕೊಂದು ಕಾರಣವಿರುತ್ತದೆ. ಜೋರು ಮಾಡಿದವನ ಕೈಯಲ್ಲಿ ಅರ್ಧ ತುಂಡು ಬರುತ್ತದೆ.

ನಾಲ್ಕಕ್ಕೆ ಅಂಗಡಿ ತೆರೆಯಿತು. ಪೇಸ್ಟಿನ ಸಣ್ಣ ಟ್ಯೂಬು ಕೇಳಿದೆ. ಒಂದೂ ಕಾಲಿಗೆ ಬಂದಿದ್ದಿರಂತೆ ಎಂದು ಕೇಳಿದರು. ಒಂದು ದಾಟಿ ಐದು ನಿಮಿಷಕ್ಕೆ ಎಂದೆ. ಹಾಗಾದರೆ ಬೇಗ ಬಂದಿದ್ದಿರಿ ಎಂದರು.

ತೊಗರಿಕಾಳಿನಷ್ಟು ಪೇಸ್ಟು ನಡುವೆ ಇಟ್ಟು, ಹೀಟ್‌ಸಿಂಕಿನ ಗೂಟಗಳನ್ನು ಎದುರುಬದುರು ಮೂಲೆಯಂತೆ ಒತ್ತಿದೆ. ನಾಲ್ಕು ಸಲ ಕಟ್. ಫೋಟೊ ನೋಡಿ ತಂತಿ ಜೋಡಿಸಿದೆವು. ಗುಂಡಿ ಒತ್ತಿದರೆ ಪರದೆ ಕಪ್ಪು, ಉದ್ದಕ್ಕೆ ‘ಬೀಪ್... ಬೀಪ್...’ ಎಂಬ ಅಳು. ಹುಡುಗನ ಮುಖ ಬಿಳುಚಿತು. ನನಗೆ ಆ ಅಳು ಗೊತ್ತು, ರ್‍ಯಾಮ್ ಸರಿ ಕೂತಿಲ್ಲ ಎಂದು. ಪ್ಲಗ್ ಕಿತ್ತು, ಹೊರಗೆ ತೆಗೆದು, ಹಳದಿ ಹಲ್ಲುಗಳನ್ನು ಪೆನ್ಸಿಲ್ ರಬ್ಬರಿನಿಂದ ಉಜ್ಜಿ, ಪುಡಿ ಊದದೆ ಬ್ರಷ್ಷಿನಿಂದ ಜಾಡಿಸಿದೆ. ಊದಿದರೆ ಉಗುಳು ಹಾರುತ್ತದೆ. ಸ್ಲಾಟಿನ ಎರಡೂ ಕಿವಿ ತಾವಾಗಿ ಮುಚ್ಚುವವರೆಗೆ ಒತ್ತಿದೆ. ಒಂದೇ ಒಂದು ಚಿಕ್ಕ ಬೀಪ್. ಬದುಕಿತು.

ತಾರೀಖು ತಿದ್ದುತ್ತಿದ್ದಾಗಲೇ ಮೆಟ್ಟಿಲ ಮೇಲೆ ರೇಷ್ಮೆ ಸೀರೆಗಳ ಸರಬರ. “ಎತ್ತರೀ, ಎತ್ತರೀ” ಎಂದಳು ಹೆಂಡತಿ. ಕಂಪ್ಯೂಟರು ಒಳಗೆ ಹೋಯಿತು, ಪೇಪರು ಮಂಚದ ಕೆಳಗೆ ಹೋಯಿತು, ನಾನು ಹುಡುಗನ ಜೊತೆ ಗ್ಯಾಲರಿಗೆ ಹೋದೆ. ಒಳಗೆ ಕುಸುರೆಳ್ಳು, ಅರಿಷಿಣ, ನಗು, ಡಬ್ಬಿಗಳ ಹಂಚಿಕೆ. ರಾತ್ರಿ ಕಂಪ್ಯೂಟರಿನ ಪಕ್ಕದ ಬಾಗಿಲು ಮುಚ್ಚಲು ನೋಡಿದಾಗ ತಿಳಿಯಿತು, ದಪ್ಪ ಸ್ಕ್ರೂಗಳ ಡಬ್ಬಿ ಇದೆ, ಸಣ್ಣವುಗಳದು ಇಲ್ಲ.

ಮರುದಿನ ಬೆಳಿಗ್ಗೆ ಕೆಳಗಿನ ಮನೆಯ ಆಜಿ ಬಂದರು. ಕೈಯಲ್ಲಿ ಸ್ಟೀಲಿನ ಡಬ್ಬಿ. ಮುಚ್ಚಳ ತೆಗೆದು ನನ್ನ ಮುಂದೆ ಹಿಡಿದು, ಶುದ್ಧ ಮರಾಠಿಯಲ್ಲಿ ಕೇಳಿದರು: “ಧಾರವಾಡದ ಕಡೆ ಕುಸುರೆಳ್ಳು ಹೀಗೇ ಇರುತ್ತದೆಯೋ, ಅಥವಾ ನನ್ನ ಹಲ್ಲಿನ ಮೇಲೆ ನಿಮಗೇನಾದರೂ ಸಿಟ್ಟಿದೆಯೋ?”